ಮಾತು ಬಂದದ್ದಕ್ಕೇ ಮೂಕಿ ಚಿತ್ರದವರ ಬದುಕು ಮುಗಿಯಿತಾ?

ಬಿಳಿಪರದೆ
ಎಲ್ಲರಿಗೂ ನಮಸ್ಕಾರ. ಹೋದ ಶನಿವಾರ ನಮ್ಮೂರಿನ ಫಿಲ್ಮ್ ಸೊಸೈಟಿಯಲ್ಲಿ ದಾದಾಸಾಹೇಬ್ ಫಾಲ್ಕೆಯವರ 'ಕಾಳಿಯ ಮರ್ದನ' ತೋರಿಸಿದರು, 1919ರ ಮೂಕಿ ಚಿತ್ರ. ಕೃಷ್ಣನ ಪಾತ್ರ ಮಾಡಿರೋದು ಅವರ ಮಗಳು ಮಂದಾಕಿನಿ, ಏಳು ವರ್ಷದ ಮಗು. ಕಥೆ ಶುರುವಾಗೋ ಮುಂಚೆ ಆ ಮಗುವಿನ ಮುಖ ಒಂದೇ ಪರದೆ ತುಂಬ ಬರುತ್ತೆ. ನಗುತ್ತೆ, ಮುನಿಸಿಕೊಳ್ಳುತ್ತೆ, ಮತ್ತೆ ನಗುತ್ತೆ. ಮನೆಗೆ ಬಂದು ಎರಡು ದಿನ ಆದರೂ ಆ ಮುಖ ಕಣ್ಣಿಂದ ಹೋಗಿಲ್ಲ.

ಊಟಕ್ಕೆ ಕೂತಾಗ ಅಪ್ಪನನ್ನ ಕೇಳಿದೆ, ಇಷ್ಟೆಲ್ಲ ಮಾಡಿದ ಮನುಷ್ಯ 1944ರಲ್ಲಿ ನಾಸಿಕ್‌ನಲ್ಲಿ ಯಾರಿಗೂ ಬೇಡವಾಗಿ ಹೋಗಿಬಿಟ್ಟರಲ್ಲ, ಯಾಕೆ ಅಂತ. ಅಪ್ಪ ಒಂದೇ ಮಾತಲ್ಲಿ ಮುಗಿಸಿದರು: "ಟಾಕಿ ಬಂತು, ಮೂಕಿಯವರ ಅನ್ನ ಹೋಯ್ತು." ಎಲ್ಲ ಕಡೆ ಇದೇ ಮಾತು. ಆದರೆ ಓದ್ತಾ ಹೋದಷ್ಟೂ ನನಗೆ ಬೇರೆ ಥರ ಕಾಣ್ತಿದೆ. 1931ರಲ್ಲಿ ನಮ್ಮ ದೇಶದ ಮೊದಲ ಟಾಕಿ, ಅಂದರೆ ಮಾತಾಡೋ ಚಿತ್ರ, 'ಆಲಂ ಆರಾ' ಬರೋ ಹೊತ್ತಿಗೆ ಎಷ್ಟೋ ಜನರ ಕೆಲಸ ಆಗಲೇ ನಿಂತುಹೋಗಿತ್ತು. ಹಾಗಾದರೆ ಅವರನ್ನ ಮುಳುಗಿಸಿದ್ದು ಯಾವುದು? ಗೊತ್ತಿರೋರು ಹೇಳಿ. ಬೈದರೂ ಪರವಾಗಿಲ್ಲ.

ಪೇಟೆಹುಡುಗ
ನಿಮ್ಮಪ್ಪ ಹೇಳಿದ್ದೇ ಸರಿ. ಚರ್ಚೆ ಮಾಡೋಕೆ ಏನಿದೆ?

ಹಳೇರೀಲು
ಪೇಟೆಹುಡುಗ, ಸ್ವಲ್ಪ ತಾಳಿ. ಫಾಲ್ಕೆಯವರ ವಿಷಯವನ್ನೇ ತಗೊಳ್ಳಿ. ಅವರ ಮೊದಲ ಕಥಾಚಿತ್ರ 'ರಾಜಾ ಹರಿಶ್ಚಂದ್ರ' ಮುಂಬೈನ ಗಿರಗಾಂವ್‌ನ ಕಾರೊನೇಷನ್‌ನಲ್ಲಿ ಬಿಡುಗಡೆ ಆಗಿದ್ದು 1913ರ ಮೇ 3. 1917ರಲ್ಲಿ 'ಲಂಕಾ ದಹನ' ಜನ ಮುಗಿಬಿದ್ದು ನೋಡಿದರು. ಅಲ್ಲಿವರೆಗೆ ದುಡ್ಡು, ಸಾಲ, ಲಾಭ, ನಷ್ಟ ಎಲ್ಲ ಅವರದೇ. 1918ರಲ್ಲಿ ಮುಂಬೈನ ವ್ಯಾಪಾರಸ್ಥರ ಜೊತೆ ಪಾಲುದಾರಿಕೆ ಮಾಡಿಕೊಂಡು ಹಿಂದೂಸ್ತಾನ್ ಸಿನಿಮಾ ಫಿಲ್ಮ್ಸ್ ಕಂಪನಿ ಕಟ್ಟಿದರು. ಅಲ್ಲಿಂದ ತಕರಾರು ಶುರು. ಪಾಲುದಾರರಿಗೆ ಚಿತ್ರ ಬೇಗ ಮುಗೀಬೇಕು, ಖರ್ಚು ಕಮ್ಮಿ ಆಗ್ಬೇಕು. ಇವರಿಗೆ ಒಂದು ದೃಶ್ಯ ಮನಸ್ಸಿಗೆ ಬರೋ ತನಕ ಸಮಾಧಾನ ಇಲ್ಲ. ಕೊನೆಗೆ ಬೇಸತ್ತು ಎಲ್ಲ ಬಿಟ್ಟು ಕಾಶಿಗೆ ಹೋಗಿ ಕೂತರು. ಅಲ್ಲಿ 'ರಂಗಭೂಮಿ' ಅಂತ ನಾಟಕ ಬರೆದರು. ಆಮೇಲೆ ವಾಪಸ್ ಬಂದು ಅದೇ ಕಂಪನಿಯಲ್ಲಿ ಮತ್ತೆ ಚಿತ್ರ ಮಾಡಿದರು ನಿಜ, ಆದರೆ ಯಜಮಾನನಾಗಿ ಅಲ್ಲ. ಇದೆಲ್ಲ ನಡೆದದ್ದು ಟಾಕಿ ಬರೋಕೆ ಹತ್ತು ವರ್ಷ ಮೊದಲು.

ಬಿಳಿಪರದೆ
ನಾನು ಹೇಳ್ತಿರೋದೂ ಇದೇ ಸರ್. ಕೈಯಿಂದ ಯಜಮಾನಿಕೆ ಹೋದ ದಿನವೇ ಅರ್ಧ ಮುಗಿದಿತ್ತು.

ಕರಾವಳಿಕಡಲು
ಹೀರಾಲಾಲ್ ಸೇನ್ ಹೆಸರು ಯಾಕೆ ಯಾರೂ ಎತ್ತಲ್ಲ? ಫಾಲ್ಕೆಗಿಂತ ಹತ್ತು ಹದಿನೈದು ವರ್ಷ ಮೊದಲೇ ಕಲ್ಕತ್ತಾದಲ್ಲಿ ರಾಯಲ್ ಬಯೋಸ್ಕೋಪ್ ಕಂಪನಿ ಕಟ್ಟಿದವರು. ಕ್ಲಾಸಿಕ್ ಥಿಯೇಟರಿನ ನಾಟಕಗಳನ್ನ ಚಿತ್ರೀಕರಿಸಿದರು, ಬಂಗಾಳ ವಿಭಜನೆ ವಿರುದ್ಧದ ಸಭೆ ಮೆರವಣಿಗೆಗಳನ್ನೂ ತೆಗೆದರು. 1917ರಲ್ಲಿ ಗೋದಾಮಿಗೆ ಬೆಂಕಿ ಬಿತ್ತು. ಮಾಡಿದ್ದೆಲ್ಲ ಬೂದಿ. ಅದೇ ವರ್ಷ ಅವರೂ ಹೋದರು. ಒಂದಡಿ ಫಿಲ್ಮ್ ಕೂಡ ಉಳಿದಿಲ್ಲ. ಅವರಿಗೂ ಟಾಕಿಗೂ ಏನು ಸಂಬಂಧ?

ಪೇಟೆಹುಡುಗ
ಬೆಂಕಿ ಅಪಘಾತ ಅಲ್ವಾ? ಅದನ್ನ ವೃತ್ತಿ ಸೋಲು ಅನ್ನೋಕಾಗಲ್ಲ.

ಟೆಂಟ್‌ಮೊಮ್ಮಗ
ಅಪಘಾತ ಅಂತ ಸುಮ್ಮನೆ ತಳ್ಳಿಹಾಕಬೇಡಿ. ಆಗಿನ ಫಿಲ್ಮ್ ನೈಟ್ರೇಟ್ ಅನ್ನೋ ರಾಸಾಯನಿಕದ್ದು. ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಉರೀತಾನೇ ಇರುತ್ತೆ, ಉರಿಯೋಕೆ ಬೇಕಾದ ಆಮ್ಲಜನಕ ಅದರಲ್ಲೇ ಇದೆ. ಅಂಥದ್ದನ್ನ ಮನೆಯಲ್ಲಿ, ಗೋದಾಮಲ್ಲಿ ಡಬ್ಬಿಗಟ್ಟಲೆ ಪೇರಿಸಿಟ್ಟುಕೊಂಡು ಬದುಕಿದ ಜನ ಅವರು.

ನಮ್ಮ ತಾತ ತಿಪಟೂರು ಕಡೆ ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಅವರ ಬಲಗೈ ಮೊಣಕೈವರೆಗೆ ಚರ್ಮ ಸುಕ್ಕುಗಟ್ಟಿ ಹೊಳೀತಿತ್ತು. ಚಿಕ್ಕವನಿದ್ದಾಗ ನಾನು ಅದರ ಮೇಲೆ ಬೆರಳಾಡಿಸ್ತಿದ್ದೆ, ಪ್ಲಾಸ್ಟಿಕ್ ಮುಟ್ಟಿದ ಹಾಗೆ ನುಣ್ಣಗೆ ಇರ್ತಿತ್ತು. ಪ್ರೊಜೆಕ್ಟರ್ ಒಳಗೆ ರೀಲು ಸಿಕ್ಕಿಕೊಂಡು ಒಂದು ಕ್ಷಣ ನಿಂತಿದ್ದಕ್ಕೆ ಆದದ್ದು ಅಂತೆ. "ಓಡ್ತಾ ಇದ್ರೆ ಸಿನಿಮಾ, ನಿಂತ್ರೆ ಬೆಂಕಿ" ಅಂತಿದ್ದರು.

ಬಿಳಿಪರದೆ
ತಾತನ ಬಗ್ಗೆ ಇನ್ನೂ ಬರೀರಿ ದಯವಿಟ್ಟು.

ಹಳೇರೀಲು
ಬೆಂಕಿ ವಿಷಯ ಬಂದಿದ್ದಕ್ಕೆ ಇನ್ನೊಬ್ಬರ ಕಥೆ ಹೇಳ್ತೀನಿ, ಇದರಲ್ಲಿ ಬೆಂಗಳೂರೂ ಇದೆ. ಮದರಾಸಿನ ಆರ್. ನಟರಾಜ ಮುದಲಿಯಾರ್. ಮೋಟಾರು ಬಿಡಿಭಾಗದ ವ್ಯಾಪಾರ ಅವರದು. ಪುಣೆಗೆ ಹೋಗಿ ಸ್ಟೂವರ್ಟ್ ಸ್ಮಿತ್ ಅನ್ನೋ ಇಂಗ್ಲಿಷ್ ಕ್ಯಾಮೆರಾಮನ್ ಹತ್ತಿರ ಕ್ಯಾಮೆರಾ ಹಿಡಿಯೋದು ಕಲಿತರು. ಪುರಸವಾಕಂನ ಮಿಲ್ಲರ್ಸ್ ರಸ್ತೆಯಲ್ಲಿ ಸ್ಟುಡಿಯೋ. ಸ್ಟುಡಿಯೋ ಅಂದರೆ ಮೇಲೆ ತೆಳು ಬಿಳಿ ಬಟ್ಟೆ ಕಟ್ಟಿದ್ದು, ಬಿಸಿಲು ಸೋಸಿ ಬರಲಿ ಅಂತ. ಅಲ್ಲಿ ಮಾಡಿದ 'ಕೀಚಕ ವಧಂ' ದಕ್ಷಿಣದ ಮೊದಲ ಕಥಾಚಿತ್ರ.

ತೆಗೆದ ಫಿಲ್ಮನ್ನ ಮದರಾಸಿನ ಸೆಕೆಯಲ್ಲಿ ತೊಳೆಯೋದು ಕಷ್ಟ. ಅದಕ್ಕೆ ಬೆಂಗಳೂರಿನಲ್ಲಿ ಲ್ಯಾಬ್ ಮಾಡಿದರು, ಇಲ್ಲಿನ ತಂಪು ಹವೆ ಒಳ್ಳೇದು ಅಂತ. ವಾರವೆಲ್ಲ ಅಲ್ಲಿ ಚಿತ್ರೀಕರಣ, ವಾರದ ಕೊನೆಗೆ ಇಲ್ಲಿಗೆ ಬಂದು ಸಂಸ್ಕರಣ. ದಕ್ಷಿಣದ ಮೊದಲ ಚಿತ್ರದ ಬಿಂಬ ಮೂಡಿದ್ದು ನಮ್ಮೂರಿನ ಕತ್ತಲೆ ಕೋಣೆಯಲ್ಲಿ. ಇದು ಪ್ರತಿ ಬೆಂಗಳೂರಿನವನಿಗೂ ಗೊತ್ತಿರಬೇಕು ಅಂತ ನನ್ನ ಆಸೆ.

ಆಮೇಲೆ ಸ್ಟುಡಿಯೋಗೆ ಬೆಂಕಿ ಬಿತ್ತು, ಮಗನೂ ತೀರಿಕೊಂಡ. 1923ಕ್ಕೆ ಸಿನಿಮಾ ಪೂರ್ತಿ ಬಿಟ್ಟರು. ಬದುಕಿದ್ದು ಮಾತ್ರ 1970ರ ದಶಕದವರೆಗೆ.

ಪೇಟೆಹುಡುಗ
ಇದು ನನಗೆ ಗೊತ್ತೇ ಇರಲಿಲ್ಲ ಸರ್. ನಾನು ಹುಟ್ಟಿ ಬೆಳೆದಿದ್ದೆಲ್ಲ ಚಿಕ್ಕಪೇಟೆ. ಆ ಲ್ಯಾಬ್ ಇದ್ದದ್ದು ಎಲ್ಲಿ ಅಂತ ಹುಡುಕ್ತೀನಿ.

ಆದರೂ ವಾದ ಬಿಡಲ್ಲ. ಒಂದು ಮಾತು ಕೇಳಿ. ಮೂಕಿ ಚಿತ್ರಕ್ಕೆ ಭಾಷೆ ಇರಲಿಲ್ಲ. ಬೆಂಗಳೂರಿನಲ್ಲಿ ತೆಗೆದದ್ದನ್ನ ಲಾಹೋರಿನಲ್ಲೂ ತೋರಿಸಬಹುದಿತ್ತು, ನಡುವೆ ಬರೋ ಬರಹದ ಫಲಕ ಬದಲಾಯಿಸಿದರೆ ಮುಗೀತು. ಒಂದೊಂದು ಫಲಕದಲ್ಲಿ ಎರಡು ಮೂರು ಭಾಷೆ ಇರ್ತಿತ್ತು. ಓದು ಬರದವರಿಗೆ ಪಕ್ಕದಲ್ಲಿ ಕೂತವರು ಗಟ್ಟಿಯಾಗಿ ಓದಿ ಹೇಳ್ತಿದ್ದರು. ಮಾತು ಬಂದಿದ್ದೇ ಬಂದಿದ್ದು, ಇಡೀ ದೇಶದ ಮಾರುಕಟ್ಟೆ ಚೂರು ಚೂರು ಆಯ್ತು. ಶಬ್ದದ ಯಂತ್ರ ಬೇಕು, ಶಬ್ದ ಹೊರಗೆ ಹೋಗದ ಸ್ಟುಡಿಯೋ ಬೇಕು, ಹಾಡೋ ನಟರು ಬೇಕು. ಸಣ್ಣವರು ಎಲ್ಲಿಂದ ತರ್ತಾರೆ? ಇದು ಟಾಕಿ ಕೊಟ್ಟ ಏಟಲ್ಲದೆ ಮತ್ತೇನು?

ಹಳೇರೀಲು
ಇದು ಒಳ್ಳೆ ವಾದ. ಒಪ್ಪಿದೆ. 1928ರ ಸುಮಾರಿಗೆ ಬೆಂಗಳೂರಿಗೂ ಮೂಕಿ ಕಂಪನಿಗಳು ಬಂದಿದ್ದವು, ಗುಜರಾತಿನ ಹರಿಭಾಯಿ ದೇಸಾಯಿಯವರ ಸೂರ್ಯ ಫಿಲ್ಮ್ ಕಂಪನಿ ಅಂಥದ್ದು. ಟಾಕಿ ಬಂದಮೇಲೆ ಅವು ಉಳಿಯಲಿಲ್ಲ.

ಹುಬ್ಬಳ್ಳಿಮಂದಿ
ಎಲ್ಲಾರೂ ಬೆಂಗಳೂರು ಬೆಂಗಳೂರು ಅನ್ನಾಕತ್ತೀರಿ, ನಮ್ಮ ಹುಬ್ಬಳ್ಳಿ ಹೆಸರು ಯಾರೂ ತಗೀಲೇ ಇಲ್ಲಲ್ರಿ! ಮುಂದ ದೊಡ್ಡ ಡೈರೆಕ್ಟರ್ ಆದ ವಿ. ಶಾಂತಾರಾಮ್ ಹುಡುಗ ಇದ್ದಾಗ ಇಲ್ಲೇ ಇದ್ದರು. ರೇಲ್ವೆ ವರ್ಕ್‌ಶಾಪಿನ್ಯಾಗ ಕೆಲಸ ಮಾಡ್ಯಾರ, ತಗಡಿನ ಶೆಡ್ಡಿನ ಸಿನಿಮಾ ಥೇಟರಿನ್ಯಾಗ ಬಾಗಲಾ ಕಾದಾರ. ದುಡ್ಡು ಕೊಡದನ ದಿನಾ ಸಿನಿಮಾ ನೋಡಾಕ ಸಿಕ್ಕಿದ್ದು ಅಲ್ಲೇ. ಆಮ್ಯಾಲೆ 1920ರಾಗ ಕೊಲ್ಲಾಪುರಕ್ಕ ಹೋಗಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಸೇರಿದರು. ಕಸಾ ಹೊಡಿಯೂದರಿಂದ ಹಿಡದು ಪಾರ್ಟ್ ಮಾಡೂತನಕ ಎಲ್ಲಾ ಕೆಲಸ ಕಲ್ತರು.

ನಮ್ಮ ಮುತ್ತಜ್ಜಾರೂ ಅದ ವರ್ಕ್‌ಶಾಪಿನ್ಯಾಗ ಇದ್ರು. ಅದಕ್ಕ ನಮ್ಮ ಮನ್ಯಾಗ ಶಾಂತಾರಾಮ್ ಅಂದ್ರ ಮನಿ ಮನಷ್ಯಾ ಇದ್ದಂಗ. ಮತ್ತ ಕೇಳ್ರಿ ಪೇಟೆಹುಡುಗ ಅವರ, ಮೂಕಿಯೊಳಗ ಬೆಳದ ಈ ಮನಷ್ಯಾಗ ಟಾಕಿ ಬಂದದ್ದು ಏನೂ ಮಾಡ್ಲಿಲ್ಲ. 1929ರಾಗ ಜೊತಿಗಾರರ ಕೂಡ ಪ್ರಭಾತ್ ಫಿಲ್ಮ್ ಕಂಪನಿ ಕಟ್ಟಿ, 1932ರಾಗ 'ಅಯೋಧ್ಯೇಚಾ ರಾಜಾ' ಮಾತಾಡಿಸಿಬಿಟ್ರು. ಅದೂ ಹರಿಶ್ಚಂದ್ರನ ಕಥಿನ.

ಮಲೆನಾಡಹುಡುಗಿ
ಹುಬ್ಬಳ್ಳಿಯವರೇ, ಶಾಂತಾರಾಮ್ ಗೆದ್ದರು ಸರಿ. ಅವರ ಗುರು ಏನಾದರು ಅದನ್ನೂ ಹೇಳಿ. ಬಾಬುರಾವ್ ಪೇಂಟರ್ ಬಡಗಿ ಕೆಲಸದವರ ಮನೆಯಿಂದ ಬಂದವರು. ಸಿನಿಮಾ ಕ್ಯಾಮೆರಾ ಕೊಳ್ಳೋಕೆ ಆಗದೆ ತಾವೇ ಕೂತು ಕ್ಯಾಮೆರಾ ಮಾಡಿಕೊಂಡವರು. ಜೊತೆಗೆ ದುಡೀತಿದ್ದ ಸೋದರಸಂಬಂಧಿ ಆನಂದರಾವ್ ಅದು ಮುಗಿಯೋ ಮುಂಚೆ ತೀರಿಕೊಂಡರು, ಆದರೂ ಬಿಡಲಿಲ್ಲ. 1920ರ 'ಸೈರಂಧ್ರಿ'ಗೆ ತಿಲಕರು 'ಸಿನಿಮಾ ಕೇಸರಿ' ಅಂತ ಬಿರುದು ಕೊಟ್ಟರು. 1925ರ 'ಸಾವಕಾರಿ ಪಾಶ್'ನಲ್ಲಿ ಸಾಲಕ್ಕೆ ಜಮೀನು ಕಳಕೊಂಡ ರೈತನ ಕಥೆ ಹೇಳಿದರು. ಸುತ್ತಮುತ್ತ ಎಲ್ಲರೂ ಪುರಾಣ ಮಾಡ್ತಿದ್ದಾಗ! ಅದರಲ್ಲಿ ಆ ಯುವ ರೈತನ ಪಾತ್ರ ಶಾಂತಾರಾಮ್ ಅವರದೇ.

1929ರಲ್ಲಿ ಶಾಂತಾರಾಮ್, ಅದೇ ಕಂಪನಿಯ ದಾಮ್ಲೆ, ಫತ್ತೇಲಾಲ್ ಎಲ್ಲ ಒಟ್ಟಿಗೆ ಹೊರಗೆ ಹೋದರು. ಗುರುವಿನ ಕಂಪನಿ ಬರಿದಾಯ್ತು. ಅದೂ ಟಾಕಿಗೆ ಮೊದಲೇ. ಆಮೇಲೆ ಅವರು ಕೆಲವೇ ಟಾಕಿ ಮಾಡಿದರು, ಮತ್ತೆ ಕುಂಚ ಮತ್ತು ಶಿಲ್ಪಕ್ಕೆ ಮರಳಿದರು. ನನಗೆ ಅನ್ನಿಸೋದು, ಅವರು ಸೋತಿಲ್ಲ. ಕಣ್ಣಿನಿಂದ ಕಥೆ ಹೇಳೋ ಮನುಷ್ಯನಿಗೆ ಮಾತು ಬೇಕಾಗಿರಲಿಲ್ಲ.

ಹುಬ್ಬಳ್ಳಿಮಂದಿ
ಖರೇ ಮಾತ್ರೀ ಅಕ್ಕಾರ. ಶಿಷ್ಯಾರು ಹೊರಗ ಹ್ವಾದದ್ದು ಗುರುವಿಗೆ ಭಾಳ ನೋವಾಗಿರಬೇಕು. ಆದ್ರ ಶಾಂತಾರಾಮ್ ಮರೀಲಿಲ್ಲ, ಮುಂದ 1947ರಾಗ 'ಲೋಕಶಾಹೀರ್ ರಾಮ್ ಜೋಶಿ'ಗೆ ಅವರನ್ನ ಕರಕೊಂಡು ಬಂದರು.

ಪ್ಯಾರಿಸ್‌ಕನ್ನಡಿಗ
ಇಲ್ಲಿ ಫ್ರಾನ್ಸಿನಲ್ಲೂ ಇದೇ ಕಥೆ. ನಾನು ದಿನಾ ಕೆಲಸಕ್ಕೆ ಹೋಗೋದು ಮೊಂಪಾರ್ನಾಸ್ ರೈಲು ನಿಲ್ದಾಣದ ಮೂಲಕ. 1902ರಲ್ಲಿ ಚಂದ್ರಲೋಕಕ್ಕೆ ಹೋಗೋ ಚಿತ್ರ ಮಾಡಿದ ಜಾರ್ಜ್ ಮೆಲಿಯೆಸ್ ಮುಪ್ಪಿನಲ್ಲಿ ಇದೇ ನಿಲ್ದಾಣದಲ್ಲಿ ಆಟದ ಸಾಮಾನು, ಮಿಠಾಯಿ ಅಂಗಡಿಯಲ್ಲಿ ಕೂತಿರ್ತಿದ್ದರು. 1923ರಲ್ಲಿ ತಮ್ಮ ನೆಗೆಟಿವ್‌ಗಳನ್ನ ತಾವೇ ಸುಟ್ಟುಹಾಕಿದ್ದರು. ಅವರ ಕಂಪನಿ ಮುಳುಗಿದ್ದು ಮೊದಲ ಮಹಾಯುದ್ಧಕ್ಕೂ ಮುಂಚೆ, ಸಾಲದಿಂದ. ಅಲ್ಲೂ ಮಾತಿನ ತಪ್ಪಿಲ್ಲ.

ಮಲೆನಾಡಹುಡುಗಿ
ಇಲ್ಲಿವರೆಗೆ ಬರೀ ಗಂಡಸರ ಹೆಸರು ಬಂದಿದೆ. ಫಾಲ್ಕೆಯವರ ವೃತ್ತಿ ಅಂತ ನೀವು ಹೇಳೋದರಲ್ಲಿ ಅರ್ಧ ಅವರ ಹೆಂಡತಿ ಸರಸ್ವತಿಬಾಯಿಯವರದು. ಚಿತ್ರಕ್ಕೆ ಒಡವೆ ಕೊಟ್ಟರು ಅಂತಷ್ಟೇ ಎಲ್ಲ ಬರೀತಾರೆ, ಆಕೆ ಮಾಡಿದ ಕೆಲಸ ಬರೆಯಲ್ಲ. ಆಗ ಬರ್ತಿದ್ದ ಕಚ್ಚಾ ಫಿಲ್ಮಿನ ಅಂಚಿಗೆ ತೂತು ಇರ್ತಿರಲಿಲ್ಲ. ತೂತಿಲ್ಲದಿದ್ದರೆ ಕ್ಯಾಮೆರಾ ಒಳಗಿನ ಹಲ್ಲುಚಕ್ರಕ್ಕೆ ಅದು ಸಿಗಲ್ಲ. ಕತ್ತಲೆ ಕೋಣೆಯಲ್ಲಿ ಕೂತು, ಕಣ್ಣಿಗೆ ಕಾಣದ ಪಟ್ಟಿಯನ್ನ ಬೆರಳಲ್ಲೇ ಹಿಡಿದು ಯಂತ್ರಕ್ಕೆ ಕೊಡ್ತಾ ಹೋಗಬೇಕು. ಒಂದು ತೂತು ಆಚೀಚೆ ಆದರೆ ಪರದೆ ಮೇಲೆ ಹರಿಶ್ಚಂದ್ರ ನಡುಗ್ತಾನೆ. ಹಗಲೆಲ್ಲ ಚಿತ್ರತಂಡಕ್ಕೆಲ್ಲ ಅಡುಗೆ ಮಾಡಿ, ರಾತ್ರಿ ಈ ಕೆಲಸ. ಫಿಲ್ಮ್ ತೊಳೆಯೋದಕ್ಕೂ ಅವರೇ. ಮಕ್ಕಳು ಬೇರೆ ಇದ್ದರು.

ನಾನು ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಹದಿನಾಲ್ಕು ವರ್ಷ ದುಡಿದೆ. ಪುಸ್ತಕದಲ್ಲಿ ಯಾರ ಹೆಸರು ಬರುತ್ತೆ, ಯಾರ ಬೆರಳಿಗೆ ಮಸಿ ಅಂಟುತ್ತೆ ಅಂತ ನನಗೆ ಗೊತ್ತು. ಅದಕ್ಕೇ ಇದನ್ನ ಬರೆದೆ.

ಕರಾವಳಿಕಡಲು
ಫಾತ್ಮಾ ಬೇಗಂ ಅವರನ್ನೂ ಸೇರಿಸಿ. 1926ರಲ್ಲಿ ತಮ್ಮದೇ ಕಂಪನಿ ಕಟ್ಟಿ 'ಬುಲ್‌ಬುಲ್-ಎ-ಪರಿಸ್ತಾನ್' ನಿರ್ದೇಶಿಸಿದರು, ದೇಶದ ಮೊದಲ ಮಹಿಳಾ ನಿರ್ದೇಶಕಿ. ಮಗಳು ಜುಬೇದಾ 'ಆಲಂ ಆರಾ'ದ ನಾಯಕಿ. ಅಮ್ಮನ ಚಿತ್ರ ಒಂದೂ ಉಳಿದಿಲ್ಲ, ಮಗಳ ಆ ಚಿತ್ರವೂ ಉಳಿದಿಲ್ಲ.

ಬಿಳಿಪರದೆ
ಫಾಲ್ಕೆಯವರ 'ಮೋಹಿನಿ ಭಸ್ಮಾಸುರ'ದಲ್ಲಿ ನಟಿಸಿ ನಮ್ಮ ಮೊದಲ ನಟಿಯರಾದ ದುರ್ಗಾಬಾಯಿ ಕಾಮತ್, ಕಮಲಾಬಾಯಿ ತಾಯಿಮಗಳನ್ನೂ ನೆನಪಿಸಿಕೊಳ್ಳಬೇಕು. 'ಹರಿಶ್ಚಂದ್ರ'ಕ್ಕೆ ಹೆಣ್ಣು ಸಿಗದೆ ಹೋಟೆಲಿನ ಅಡುಗೆ ಕೆಲಸದ ಸಾಳುಂಕೆ ಅನ್ನೋ ಗಂಡಸನ್ನ ಹರಿಶ್ಚಂದ್ರನ ಹೆಂಡತಿ ತಾರಾಮತಿ ಮಾಡಿದರು. ಅದೇ 1913ರ ಕೊನೆಯ ಹೊತ್ತಿಗೆ ಈ ಇಬ್ಬರು ಬಂದು ಕ್ಯಾಮೆರಾ ಮುಂದೆ ನಿಂತರು.

ಪೇಟೆಹುಡುಗ
ಕೇರಳದ ರೋಸಿ? ಜೆ.ಸಿ. ಡೇನಿಯಲ್ ಅವರ 'ವಿಗತಕುಮಾರನ್' ನಾಯಕಿ. ದಲಿತ ಹೆಣ್ಣುಮಗಳು ನಾಯರ್ ಹೆಣ್ಣಿನ ಪಾತ್ರ ಮಾಡಿದಳು ಅಂತ ತಿರುವನಂತಪುರದಲ್ಲಿ ಪರದೆಗೆ ಕಲ್ಲು ಹೊಡೆದರು. ಆಕೆ ಊರೇ ಬಿಟ್ಟು ಹೋಗಬೇಕಾಯ್ತು. ಡೇನಿಯಲ್ ಜಮೀನು ಮಾರಿ ಮಾಡಿದ ಚಿತ್ರ, ಅದೊಂದೇ ಅವರ ಮೊದಲ ಮತ್ತು ಕೊನೆಯ ಚಿತ್ರ. ಆಮೇಲೆ ಹಲ್ಲಿನ ಡಾಕ್ಟರಾಗಿ ಬದುಕಿದರು. ಇದನ್ನ ಬರೀತಾ ನನ್ನ ವಾದ ನಾನೇ ಸಡಿಲ ಮಾಡ್ತಿದ್ದೀನಿ ಅಂತ ಗೊತ್ತು. ಇವರಿಬ್ಬರನ್ನ ಮುಗಿಸಿದ್ದು ಜಾತಿ ಮತ್ತು ಸಾಲ.

ಹಳೇರೀಲು
ಹೀಗೆ ಒಪ್ಪಿಕೊಳ್ಳೋದು ದೊಡ್ಡ ಗುಣ. ಹಾಗೇ ಬಂಗಾಳದ ನಿರ್ದೇಶಕ ಧೀರೇನ್ ಗಂಗೂಲಿ. ಹೈದರಾಬಾದಿನಲ್ಲಿ ಲೋಟಸ್ ಕಂಪನಿ ಚೆನ್ನಾಗಿ ನಡೆಸ್ತಿದ್ದರು, 'ರಜಿಯಾ ಬೇಗಂ' ತೋರಿಸಿದ್ದಕ್ಕೆ ನಿಜಾಮರು ಸಂಸ್ಥಾನ ಬಿಟ್ಟು ಹೋಗು ಅಂದರು. ಆದರೆ ಆತ ಮತ್ತೆ ಕಲ್ಕತ್ತಾದಲ್ಲಿ ಎದ್ದು ನಿಂತರು.

ಟೆಂಟ್‌ಮೊಮ್ಮಗ
ನಮ್ಮ ಕಡೆಯ ಗುಬ್ಬಿ ವೀರಣ್ಣನವರನ್ನ ಬಿಟ್ಟರೆ ತುಮಕೂರು ಸೀಮೆಯವರು ಸುಮ್ಮನಿರಲ್ಲ! ನಾಟಕ ಕಂಪನಿ ಮೆರೀತಿದ್ದಾಗಲೇ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಕಟ್ಟಿ ಮೂಕಿ ಚಿತ್ರ ಮಾಡಿದರು. 'ಹರಿಮಾಯಾ' ನಿರ್ದೇಶಿಸಿದ್ದು ವೈ.ವಿ. ರಾವ್. 'ಹಿಸ್ ಲವ್ ಅಫೇರ್' ಮಾಡಿದ್ದು ಬೆಲ್ಜಿಯಂನ ರಾಫೆಲ್ ಅಲ್ಗೋಯೆಟ್. ಅಷ್ಟರಲ್ಲಿ ಟಾಕಿ ಬಂತು. ಹಾಕಿದ ದುಡ್ಡು ಹೋಯ್ತು, ಆದರೆ ವೀರಣ್ಣನವರ ಕಾಲ ಕೆಳಗಿನ ನೆಲ ಹೋಗಲಿಲ್ಲ. ರಂಗ ಇತ್ತಲ್ಲ. ಮತ್ತೆ 'ಸದಾರಮೆ', 'ಜೀವನ ನಾಟಕ', ಕೊನೆಗೆ 1954ರಲ್ಲಿ 'ಬೇಡರ ಕಣ್ಣಪ್ಪ'.

ಹಳೇರೀಲು
ನೀವು ಹೇಳಿದ್ದರಲ್ಲೇ ಉತ್ತರ ಇದೆ. ಟಾಕಿ ಬಂದಾಗ ಉಳಿದುಕೊಂಡವರು ಯಾರು ನೋಡಿ. ಹಾಡಿಗೆ, ಮಾತಿಗೆ ಆಗಲೇ ಜನರನ್ನ ಇಟ್ಟುಕೊಂಡಿದ್ದವರು, ಅಂದರೆ ನಾಟಕದವರು. ಇಲ್ಲವೇ ದೊಡ್ಡ ಬಂಡವಾಳ ಇದ್ದವರು, 'ಆಲಂ ಆರಾ' ಮಾಡಿದ ಇಂಪೀರಿಯಲ್ ಕಂಪನಿಯ ಅರ್ದೇಶಿರ್ ಇರಾನಿ ಥರ. ವೈ.ವಿ. ರಾವ್ ಮದರಾಸಿನ ಮೂಕಿಗಳಲ್ಲಿ ನಟನಾಗಿ ಶುರು ಮಾಡಿದವರು. 1934ರ ಮಾರ್ಚ್ 3ರಂದು ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ನಿರ್ದೇಶಿಸಿದ್ದು ಅವರೇ. ಅದರ ಬೆನ್ನೆಲುಬು ಸುಬ್ಬಯ್ಯ ನಾಯ್ಡು, ನಾಗೇಂದ್ರ ರಾವ್, ಇಬ್ಬರೂ ನಾಟಕದವರು. ಚಿತ್ರೀಕರಣ ನಡೆದದ್ದು ಕೊಲ್ಲಾಪುರದಲ್ಲಿ. 1937ರಲ್ಲಿ ವೈ.ವಿ. ರಾವ್ ತಮಿಳಿನಲ್ಲಿ 'ಚಿಂತಾಮಣಿ' ಮಾಡಿ ಗೆದ್ದರು.

ಫಾಲ್ಕೆಯವರಿಗೆ ಎರಡೂ ಇರಲಿಲ್ಲ. 'ಸೇತುಬಂಧನ' ಮೂಕಿಯಾಗಿ ತೆಗೆದು ಆಮೇಲೆ ಮಾತು ಸೇರಿಸಬೇಕಾಯ್ತು. 1937ರಲ್ಲಿ ಕೊಲ್ಲಾಪುರದಲ್ಲಿ 'ಗಂಗಾವತರಣ' ಮಾಡಿದಾಗ ಅವರಿಗೆ 67 ವರ್ಷ.

ಕರಾವಳಿಕಡಲು
ಒಂದು ತಿದ್ದುಪಡಿ. 'ರಾಜಾ ಹರಿಶ್ಚಂದ್ರ' ಅಂತ ಈಗ ನಾವು ನೋಡೋದು 1913ರದ್ದಲ್ಲ, ಫಾಲ್ಕೆ 1917ರಲ್ಲಿ ಮತ್ತೆ ತೆಗೆದದ್ದು ಅಂತ ಬಹಳ ಸಂಶೋಧಕರ ವಾದ. ಅದರಲ್ಲೂ ಎಲ್ಲ ರೀಲು ಇಲ್ಲ, ಮೊದಲ ಮತ್ತು ಕೊನೆಯ ರೀಲು ಮಾತ್ರ.

ಮಲೆನಾಡಹುಡುಗಿ
ಅಷ್ಟಾದರೂ ಉಳಿದಿದ್ದು ಪಿ.ಕೆ. ನಾಯರ್ ಅವರಿಂದ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕಾಗಿ ಫಾಲ್ಕೆಯವರ ಮನೆತನದವರನ್ನ ಹುಡುಕಿ ಹೋಗಿ ರೀಲುಗಳನ್ನ ತಂದರು. ಮೂಕಿ ಕಾಲದಲ್ಲಿ ನಮ್ಮ ದೇಶದಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರ ಬಂದವು, ಉಳಿದಿರೋದು ಬೆರಳೆಣಿಕೆ. ಓಡಿ ಸವೆದ ಪ್ರತಿಗಳನ್ನ, ಫಿಲ್ಮಿನಿಂದ ಬೆಳ್ಳಿ ತೆಗೆಯೋರಿಗೆ ತೂಕದ ಲೆಕ್ಕದಲ್ಲಿ ಮಾರ್ತಿದ್ದರು.

ಟೆಂಟ್‌ಮೊಮ್ಮಗ
ತೂಕದ ಲೆಕ್ಕ ನಿಜ. ತಾತ ಹೇಳ್ತಿದ್ದರು, ಟೆಂಟು ಮುಚ್ಚಿದಾಗ ಸಂಬಳ ಬಾಕಿ ಇತ್ತು, ಅದರ ಬದಲು ಮಾಲೀಕರು ಎರಡು ಡಬ್ಬಿ ಕೊಟ್ಟರು, ಮಾರಿಕೊಳ್ಳಿ ಅಂತ. ತಾತ ಮಾರಲಿಲ್ಲ. ಅವರು ಹೋದ ಮೇಲೆ ಒಂದನ್ನ ಚಿಕ್ಕಪ್ಪ ತೆರೆದರು. ಮುಚ್ಚಳ ತುಕ್ಕು ಹಿಡಿದು ಸ್ಕ್ರೂಡ್ರೈವರಿನಿಂದ ಮೀಟಬೇಕಾಯ್ತು. ಒಳಗೆ ಮೇಲಿನ ಸುತ್ತುಗಳು ಬೆಲ್ಲದ ಪಾಕದ ಹಾಗೆ ಅಂಟಿಕೊಂಡಿದ್ದವು, ಅಡಿಯಲ್ಲಿ ಕಂದು ಪುಡಿ. ಮೂಗಿಗೆ ಹೊಡೆಯೋ ವಾಸನೆ. ಯಾವ ಚಿತ್ರ ಅಂತಲೂ ಗೊತ್ತಾಗಲಿಲ್ಲ. ಅಜ್ಜಿ ಅದನ್ನ ತಿಪ್ಪೆಗೆ ಹಾಕಿಸಿದರು. ಇನ್ನೊಂದು ಹಾಗೇ ಇದೆ.

ಬಿಳಿಪರದೆ
ಇನ್ನೊಂದು ಎಲ್ಲಿದೆ???

ಟೆಂಟ್‌ಮೊಮ್ಮಗ
ಊರ ಮನೆಯ ಅಟ್ಟದಲ್ಲಿ. ಹೆಂಚಿನ ಕೆಳಗೆ.

ಹಳೇರೀಲು
ಅಣ್ಣಾ, ಹೆಂಚಿನ ಕೆಳಗೆ ಬೇಸಿಗೆ ಕಾವಿಗೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ದಯವಿಟ್ಟು ಮೀಟಿ ತೆರೀಬೇಡಿ, ಅಲ್ಲಾಡಿಸಬೇಡಿ, ಹತ್ತಿರ ಬೀಡಿ ದೀಪ ಏನೂ ಬೇಡ. ಬೆಳಗಿನ ತಂಪಿನಲ್ಲಿ ಇಳಿಸಿ, ಮನೆಯಿಂದ ದೂರ ನೆರಳಿರೋ ಕಡೆ ಇಡಿ. ಮುಚ್ಚಳ ಸಡಿಲ ಇದ್ದರೆ ಮಾತ್ರ ನಿಧಾನ ಎತ್ತಿ ಫಿಲ್ಮಿನ ಅಂಚು ನೋಡಿ. ಸುರಕ್ಷಿತ ಫಿಲ್ಮಾದರೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ 'ಸೇಫ್ಟಿ' ಅಂತ ಇಂಗ್ಲಿಷಿನಲ್ಲಿ ಇರುತ್ತೆ. ಇಲ್ಲದಿದ್ದರೆ ನೈಟ್ರೇಟ್ ಅಂತಲೇ ತಿಳಿಯಿರಿ. ಬಸ್ಸಲ್ಲಿ, ಕೊರಿಯರಲ್ಲಿ ಕಳಿಸೋ ಯೋಚನೆ ಬೇಡವೇ ಬೇಡ. ಫೋಟೋ ತೆಗೆದು ಪುಣೆಯ ಸಂಗ್ರಹಾಲಯಕ್ಕೆ ಬರೀರಿ, ಏನು ಮಾಡಬೇಕು ಅಂತ ಅವರೇ ಹೇಳ್ತಾರೆ.

ಪೇಟೆಹುಡುಗ
ತಿಪಟೂರಿಗೆ ಭಾನುವಾರ ನಾನೂ ಬರಲಾ? ಬೆಳಗಿನ ರೈಲಿದೆ.

ಹುಬ್ಬಳ್ಳಿಮಂದಿ
ನಮ್ಮನ್ನ ಬಿಟ್ಟ ಹೋಗಬ್ಯಾಡ್ರಿ. ಫೋಟೋ ಆದ್ರೂ ಹಾಕ್ರಿ.

ಟೆಂಟ್‌ಮೊಮ್ಮಗ
ಬನ್ನಿ. ಅಜ್ಜಿಗೆ ಫೋನ್ ಮಾಡಿದೆ. "ಅದನ್ನ ತಿಪ್ಪೆಗೆ ಹಾಕಿದ್ದಕ್ಕೆ ನಿಮ್ಮ ತಾತ ಕನಸಲ್ಲಿ ಬಂದು ಮಾತೇ ಆಡದೆ ಕೂತಿದ್ದರು ಕಣೋ, ಇದನ್ನಾದರೂ ಹುಷಾರಾಗಿ ಇಳಿಸು" ಅಂದರು. ಏಣಿ ಪಕ್ಕದ ಮನೆಯಲ್ಲಿದೆ. ಆರು ಗಂಟೆಗೆ ಹತ್ತುತ್ತೀನಿ.